ಹೆಣ್ಣುಮಕ್ಕಳೂ ಹೊರಸಂಚಾರವೂ

ನಮ್ಮ ಪಾಠಶಾಲೆಯಿಂದ ತಾಯಿತಂದೆಗಳಿಗೆ ವರ್ಷದಲ್ಲಿ ಅನೇಕ ಸಮ್ಮತಿಪತ್ರಗಳು ಹೋಗುತ್ತವೆ. ಅವುಗಳಲ್ಲಿ ಅತಿ ಬೇಗನೆ ರುಜುವಾಗಿ ಮರಳುವುದು ಶನಿವಾರದ ವಿಶೇಷ ತರಗತಿಗಳದು. ಅತಿ ತಡವಾಗಿ ಮರಳುವುದು, ಅಥವಾ ಮರಳದೆಯೇ ಉಳಿಯುವುದು, ಒಂದು ದಿನದ ಹೊರಸಂಚಾರದ್ದು. ಸಾಯಂಕಾಲದ ವರೆಗೆ ಬಾಲಿಕೆಯರನ್ನು ಕೋಣೆಯೊಳಗೆ ಕೂರಿಸಿ ಗಣಿತವನ್ನು ಹೇಳಿಕೊಡುತ್ತೇವೆಂದು ಬರೆದರೆ ಯಾರೂ ಕಾರಣವನ್ನು ಕೇಳುವುದಿಲ್ಲ. ಅದೇ ಬಾಲಿಕೆಯರನ್ನು ಮಲ್ಪೆಯ ತೀರಕ್ಕೋ ಕಾಪುವಿನ ದೀಪಸ್ತಂಭಕ್ಕೋ ಹತ್ತಿರದ ಬೈಲಿನ ಅಂಚಿಗೋ ಕರೆದೊಯ್ದು ಸಂಜೆ ಐದಕ್ಕೆ ಮರಳಿ ಕರೆತರುತ್ತೇವೆಂದು ಬರೆದರೆ, ಬಿಸಿಲು, ಶೀತ, ಪರೀಕ್ಷೆ, ಕಾಲ ಕೆಟ್ಟಿರುವುದು, ಅಜ್ಜಿಗೆ ಇಷ್ಟವಿಲ್ಲದಿರುವುದು ಎಂಬಿವೇ ಮೊದಲಾದ ಕಾರಣಗಳು ಬರುತ್ತವೆ. ಈ ಸ್ಮರಣಸಂಚಿಕೆಯು ನಮ್ಮ ಪೂರ್ವವಿದ್ಯಾರ್ಥಿನಿಯರ ಮತ್ತು ತಾಯಿತಂದೆಗಳ ಕೈಗೆ ಏಕಕಾಲದಲ್ಲಿ ಸೇರತಕ್ಕದ್ದಾದುದರಿಂದ ಈ ವಿಷಯವನ್ನು ಸ್ವಲ್ಪ ಮನಬಿಚ್ಚಿ ಬರೆಯಬೇಕೆಂದು ತೋರಿತು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹೆಣ್ಣುಮಕ್ಕಳು ತಮ್ಮ ಸೀಮೆಯ ನೆಲವನ್ನೂ ಹೊಳೆಯನ್ನೂ ಕಡಲನ್ನೂ ತಮ್ಮ ಕಾಲಿನಿಂದ ನಡೆದು, ಕಣ್ಣಿನಿಂದ ನೋಡಿ ತಿಳಿಯುವುದು ಓದು ಮುಗಿದ ಬಳಿಕ ಕೊಡತಕ್ಕ ಬಹುಮಾನವಲ್ಲ; ಅದು ಓದಿನ ಒಂದು ಭಾಗವೇ ಆಗಿದೆ. ಅದನ್ನು ತಪ್ಪಿಸುವ ತಾಯಿತಂದೆಗಳು ತಾವು ಮಗಳನ್ನು ಕಾಪಾಡಿದೆವೆಂದು ಭಾವಿಸುತ್ತಾರೆ. ಹಾಗೆ ಕಾಪಾಡಲ್ಪಟ್ಟವಳು ತನ್ನ ಮನೆಯಿಂದ ಮೂರು ಮೈಲಿನ ಆಚೆಗಿರುವ ಪ್ರಪಂಚದಲ್ಲಿ ಪರದೇಶಿಯಾಗಿಯೇ ಬೆಳೆಯುತ್ತಾಳೆ. ಅವಳ ಅಣ್ಣನಾದರೋ ಗೆಳೆಯರ ಸಂಗಡ ಬೈಕಿನಲ್ಲಿ ಆಗುಂಬೆ ಘಾಟಿಯ 14 ತಿರುವುಗಳನ್ನು ಏರಿ, ಸೂರ್ಯಾಸ್ತವನ್ನು ನೋಡಿ, ರಾತ್ರಿ ಹತ್ತಕ್ಕೆ ಮನೆ ಸೇರಿದರೆ ಊಟವನ್ನು ಮುಚ್ಚಿಟ್ಟು ಕಾದಿರುತ್ತಾರೆ. ಕಾಲ ಕೆಟ್ಟಿರುವುದು ಹೆಣ್ಣುಮಗಳ ಪಾಲಿಗೆ ಮಾತ್ರವೆಂದು ತೋರುತ್ತದೆ.

ತಾಯಿತಂದೆಗಳ ಭಯಕ್ಕೆ ಆಧಾರವಿಲ್ಲವೆಂದು ನಾನು ಹೇಳಲಾರೆನು. 2024 ರ ಡಿಸೆಂಬರ್ 10 ರಂದು ಕೋಲಾರ ಜಿಲ್ಲೆಯ ಒಂದು ಶಾಲೆಯಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದ ಕಡಲಿನಲ್ಲಿ ಪ್ರಾಣವನ್ನು ಕಳೆದುಕೊಂಡರು. ನಮ್ಮ ಹತ್ತನೆಯ ತರಗತಿಯವರ ಪ್ರಾಯದ ಮಕ್ಕಳು. ಆ ಸುದ್ದಿ ಬಂದ ವಾರದಲ್ಲಿ ನಮ್ಮಲ್ಲಿಯೂ ಬರೆದುಕೊಟ್ಟ ಸಮ್ಮತಿಯನ್ನು ಹಿಂದೆ ಕೇಳಿದವರುಂಟು, ಕೇಳಿದ್ದು ಸಹಜವೇ. ಆದರೆ ಆ ದುಃಖದಿಂದ ನಾವು ಕಲಿಯತಕ್ಕದ್ದು ಏನೆಂಬುದನ್ನು ವಿಚಾರಿಸಬೇಕು. ಕಡಲಿಲ್ಲದ ಸೀಮೆಯಲ್ಲಿ ಹುಟ್ಟಿ ಬೆಳೆದ ಮಗುವಿಗೆ ತೆರೆಯೆಂದರೆ ಆಟದ ವಸ್ತುವಾಗಿ ತೋರುವುದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯಪಡಬೇಕಾದುದು, ಕಡಲಿನ ಸದ್ದು ಕೇಳುವಷ್ಟು ಹತ್ತಿರದಲ್ಲಿ ಮಲಗುವ ನಮ್ಮ ಮಕ್ಕಳಿಗೂ ಅದರ ಸ್ವಭಾವವು ಅಷ್ಟೇ ಅಪರಿಚಿತವಾಗಿರುವುದಕ್ಕೆ.

ದಿನಕ್ಕೆ ಎರಡು ಸಲ ಭರತವೂ ಎರಡು ಸಲ ಇಳಿತವೂ ಆಗುವುದೆಂದೂ, ಅದರ ವೇಳೆಯು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುವುದೆಂದೂ ನಮ್ಮ ಪುಸ್ತಕದಲ್ಲಿದೆ. ಪರೀಕ್ಷೆಯಲ್ಲಿ ಎಲ್ಲರೂ ಬರೆಯುತ್ತಾರೆ. ಆದರೆ ತೀರದಲ್ಲಿ ನಿಲ್ಲಿಸಿ, ಈಗ ನೀರು ಏರುತ್ತಲಿದೆಯೋ ಇಳಿಯುತ್ತಲಿದೆಯೋ ಎಂದು ಕೇಳಿದರೆ ಮುಖಮುಖ ನೋಡುತ್ತಾರೆ. ಒದ್ದೆ ಮರಳಿನ ಗೆರೆಯನ್ನು ತೋರಿಸಿ, ಅಲ್ಲೊಂದು ಕೋಲನ್ನು ನೆಟ್ಟು, ಅರ್ಧ ಗಂಟೆಯ ಬಳಿಕ ಮತ್ತೆ ನೋಡಿದರೆ ಪಾಠವು ಮುಗಿಯಿತು. ಹಾಗೆಯೇ ಸೆಳವಿನ ಸಂಗತಿ. ತೆರೆಗಳು ಸಾಲಾಗಿ ಒಡೆಯುತ್ತಿರುವಲ್ಲಿ ನಡುವೆ ಒಂದು ಓಣಿಯಂತೆ ನೀರು ಶಾಂತವಾಗಿ, ಸ್ವಲ್ಪ ಕಪ್ಪಾಗಿ ತೋರುವ ಸ್ಥಳವುಂಟು. ತಿಳಿಯದವರು, ಇಲ್ಲಿ ತೆರೆಯಿಲ್ಲ, ಸ್ನಾನಕ್ಕೆ ಇದೇ ಉತ್ತಮವೆಂದು ಅಲ್ಲಿಯೇ ಇಳಿಯುತ್ತಾರೆ. ತೀರಕ್ಕೆ ಬಂದ ನೀರೆಲ್ಲ ಕಡಲಿಗೆ ಮರಳುವ ದಾರಿಯು ಅದೇ ಆಗಿರುತ್ತದೆ. ಅದರಲ್ಲಿ ಸಿಕ್ಕಿದವರು ನೇರವಾಗಿ ದಡದ ಕಡೆಗೆ ಹೋರಾಡಿ ದಣಿಯುವುದರಿಂದಲೇ ಮುಳುಗುತ್ತಾರೆ. ದಡಕ್ಕೆ ಸಮಾಂತರವಾಗಿ ಪಕ್ಕಕ್ಕೆ ಸರಿದು ಸೆಳವಿನಿಂದ ಹೊರಬಿದ್ದು, ಅನಂತರ ತೆರೆಗಳೊಡನೆ ದಡಕ್ಕೆ ಬರತಕ್ಕದ್ದು. ಈ ಓಣಿಯನ್ನು ಎತ್ತರದಿಂದ ನೋಡಿದರೆ ಚೆನ್ನಾಗಿ ಕಾಣುತ್ತದೆ. ಕಾಪುವಿನಲ್ಲಿ ಬಂಡೆಯ ಮೇಲೆ 1901 ರಲ್ಲಿ ಕಟ್ಟಿದ ದೀಪಸ್ತಂಭವು ಸುಮಾರು 27 ಮೀಟರು ಎತ್ತರವಾಗಿದೆ. ಬಂಡೆಯ ಮೇಲೆ ನಿಂತರೂ ಸಾಕು, ಕೆಳಗಿನ ನೀರು ಎಲ್ಲಿ ಬರುತ್ತದೆ, ಎಲ್ಲಿ ಹಿಂದೆ ಹೋಗುತ್ತದೆ ಎಂಬುದು ಮಕ್ಕಳಿಗೆ ಕಾಣುತ್ತದೆ. ಇದನ್ನು ಒಮ್ಮೆ ಕಂಡವಳು ಮುಂದೆ ತನ್ನ ಮಕ್ಕಳನ್ನು ಎಲ್ಲಿ ಇಳಿಸಬಾರದೆಂಬುದನ್ನು ತಿಳಿದಿರುವಳು. ಕಡಲಿಗೆ ಹೋಗಬೇಡವೆಂದು ಮಾತ್ರ ಹೇಳಿಸಿಕೊಂಡವಳು ಎಂದಾದರೊಂದು ದಿನ ಯಾರೊಡನೆಯೋ ಹೋಗಿಯೇ ಹೋಗುವಳು. ಆಗ ಹೇಳುವುದಕ್ಕೆ ನಾವಾಗಲಿ ನೀವಾಗಲಿ ಪಕ್ಕದಲ್ಲಿ ಇರುವುದಿಲ್ಲ.

ಇಲ್ಲಿ ಒಂದು ಭೇದವನ್ನು ಮಾಡುವುದು ಅಗತ್ಯ. ಹೊರಸಂಚಾರವೆಂದರೆ ಕೆಲವರ ಕಣ್ಣಿಗೆ ಮೂರು ರಾತ್ರಿಯ ಬಸ್ ಪ್ರವಾಸವೇ ಬರುತ್ತದೆ. ಅದರ ಪಕ್ಷಪಾತಿ ನಾನಲ್ಲ. ನಿದ್ದೆಗೆಟ್ಟ ಐವತ್ತು ಮಕ್ಕಳು, ಕಿವಿಗಡಚಿಕ್ಕುವ ಹಾಡು, ಒಂದು ದಿನಕ್ಕೆ ಏಳು ಸ್ಥಳಗಳು, ಪ್ರತಿಯೊಂದರಲ್ಲಿ ಇಪ್ಪತ್ತು ನಿಮಿಷ, ಆ ಇಪ್ಪತ್ತರಲ್ಲಿ ಹದಿನೈದು ಮೊಬೈಲು ಫೋನಿನ ಚಿತ್ರಕ್ಕೆ. ಮರಳಿ ಬಂದ ಮೇಲೆ ಮೈಸೂರಿನಲ್ಲಿ ಏನು ನೋಡಿದೆಯೆಂದರೆ ಐಸ್‌ಕ್ರೀಮ್ ತಿಂದುದು ನೆನಪಿರುತ್ತದೆ. ಖರ್ಚಾದರೋ ಬಡವರ ಮಗಳು ಕೇಳಲಿಕ್ಕೂ ನಾಚತಕ್ಕಷ್ಟು. ದೂರದ ಪ್ರವಾಸವು ಬೇಡವೆಂದು ಯಾವ ತಂದೆಯಾದರೂ ನಿರಾಕರಿಸಿದರೆ ನಾನು ವಾದಿಸಲು ಹೋಗುವುದಿಲ್ಲ. ನಾನು ಕೇಳುವುದು ಬೆಳಗ್ಗೆ ಹೊರಟು ಸಂಜೆಯೊಳಗೆ ಮನೆ ಸೇರುವ, ಬುತ್ತಿ ಕಟ್ಟಿಕೊಂಡು ಹೋಗುವ, ಒಂದೇ ಸ್ಥಳವನ್ನು ಸಾವಕಾಶವಾಗಿ ನೋಡುವ ದಿನಗಳನ್ನು. ಬಾಸೆಲ್ ಮಿಶನಿನವರು 1834 ರಲ್ಲಿ ಮಂಗಳೂರಿಗೆ ಬಂದು ಇಲ್ಲಿ ಶಾಲೆಗಳನ್ನು ತೆರೆದರಷ್ಟೆ. ಅವರ ಸ್ವಿಸ್ ದೇಶದ ಶಾಲೆಗಳಲ್ಲಿ ಉಪಾಧ್ಯಾಯರು ಮಕ್ಕಳನ್ನು ಕರೆದುಕೊಂಡು ಬೆಟ್ಟ, ಸರೋವರಗಳ ಕಡೆಗೆ ಹೊರಡುವ ಸಂಚಾರದ ದಿನವು ಈಗಲೂ ರೂಢಿಯಲ್ಲಿದೆ. ಅಲ್ಲಿ ಅದನ್ನು ಯಾರೂ ಕಾಲಹರಣವೆಂದು ಎಣಿಸುವುದಿಲ್ಲ.

ಹತ್ತಿರದಲ್ಲಿ ನೋಡತಕ್ಕದ್ದು ಏನಿದೆಯೆಂದು ಕೇಳುವವರಿಗೆ ಒಂದೆರಡನ್ನು ಹೇಳುವೆನು. ಮಲ್ಪೆಯ ತೀರದಲ್ಲಿ ನಿಂತರೆ ಕಾಣುವ ಸೈಂಟ್ ಮೇರಿ ದ್ವೀಪಗಳನ್ನು ನಮ್ಮಲ್ಲಿ ಬಹುಜನರು ಚಿತ್ರ ತೆಗೆಯುವ ಸ್ಥಳವೆಂದು ಬಲ್ಲರು. ವಾಸ್ಕೊ ಡ ಗಾಮನು 1498 ರಲ್ಲಿ ಅಲ್ಲಿ ಇಳಿದು ಶಿಲುಬೆಯನ್ನು ನೆಟ್ಟನೆಂಬ ಐತಿಹ್ಯವನ್ನು ನಮ್ಮ ಸಭೆಯ ಹಿರಿಯರು ಹೇಳುವುದುಂಟು. ಆದರೆ ಆ ಬಂಡೆಗಳ ಚರಿತ್ರೆಯ ಮುಂದೆ ಗಾಮನು ನಿನ್ನೆ ಬಂದವನು. ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ, ಮಡಗಾಸ್ಕರವು ನಮ್ಮ ನೆಲಕ್ಕೆ ಅಂಟಿಕೊಂಡಿದ್ದು ಬೇರೆಯಾಗುತ್ತಿದ್ದ ಕಾಲದಲ್ಲಿ, ಭೂಮಿಯ ಒಳಗಿನಿಂದ ಉಕ್ಕಿ ಬಂದ ಕರಗಿದ ಶಿಲೆಯು ತಣ್ಣಗಾಗುತ್ತ ಕುಗ್ಗಿ, ಕುಗ್ಗುತ್ತ ಸೀಳಿ, ಐದು ಆರು ಮುಖಗಳ ಕಂಬಗಳಾಗಿ ನಿಂತಿತು. ಬೇಸಗೆಯಲ್ಲಿ ಒಣಗಿದ ಕೆರೆಯ ಕೆಸರು ಬಿರಿಯುವುದನ್ನು ನೋಡಿದ ಮಗುವಿಗೆ ಇದು ಕೂಡಲೇ ಅರ್ಥವಾಗುತ್ತದೆ. ನಮ್ಮ ಬಾಲಿಕೆಯರಲ್ಲಿ ಒಬ್ಬಳು ಕಂಬವೊಂದರ ಮೇಲೆ ಕೈಯಿಟ್ಟು, ಇದರ ಇನ್ನೊಂದು ಅರ್ಧವು ಮಡಗಾಸ್ಕರದಲ್ಲಿರಬಹುದೇ ಟೀಚರ್ ಎಂದು ಕೇಳಿದಳು. ಭೂಗೋಳದ ಉಪಾಧ್ಯಾಯಿನಿಗೆ ಅಂಥ ಪ್ರಶ್ನೆಯು ಕೋಣೆಯೊಳಗೆ ಹತ್ತು ವರ್ಷಕ್ಕೊಮ್ಮೆಯೂ ಸಿಕ್ಕುವುದಿಲ್ಲ.

ಕಡಲು ಬೇಡವೆನ್ನುವವರಿಗೆ ಬೈಲು ಇದೆ. ನಮ್ಮ ಸೀಮೆಯ ಗದ್ದೆಗಳಲ್ಲಿ ಬೈಲು, ಮಜಲು, ಬೆಟ್ಟು ಎಂದು ಮೂರು ಬಗೆ. ತಗ್ಗಿನಲ್ಲಿ ನೀರು ನಿಲ್ಲುವ ಬೈಲಿನಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳನ್ನು ತೆಗೆಯುತ್ತಿದ್ದರು. ಅದಕ್ಕಿಂತ ಮೇಲಿನ ಮಜಲಿನಲ್ಲಿ ಎರಡು. ಮಳೆಯನ್ನೇ ನಂಬಿದ ಬೆಟ್ಟಿನಲ್ಲಿ ಒಂದು. ಇಷ್ಟು ತಿಳಿದು ಒಂದು ಗದ್ದೆಯ ಹುಣಿಯ ಮೇಲೆ ಅರ್ಧ ಮೈಲು ನಡೆದರೆ, ಊರಿನ ಹಳೆಯ ಮನೆಗಳು ಯಾಕೆ ಗದ್ದೆಯಲ್ಲಿ ಇಲ್ಲದೆ ಅಂಚಿನ ದಿಬ್ಬದ ಮೇಲಿವೆ, ತೋಡು ಯಾಕೆ ಬಳಸಿ ಹೋಗುತ್ತದೆ, ಬೈಲನ್ನು ಮಣ್ಣು ಹಾಕಿ ಮುಚ್ಚಿ ಮನೆ ಕಟ್ಟಿದವರ ಅಂಗಳಕ್ಕೆ ಮಳೆಗಾಲದಲ್ಲಿ ಯಾಕೆ ನೀರು ನುಗ್ಗುತ್ತದೆ ಎಂಬುದೆಲ್ಲ ತಾನಾಗಿಯೇ ತಿಳಿದುಬರುತ್ತದೆ. ಈ ಕೊನೆಯ ಸಂಗತಿಯನ್ನು ಕೆಲವು ತಂದೆಗಳೂ ಬಂದು ನೋಡಿದರೆ ಲೇಸು. ಇನ್ನು ಮೇಲಕ್ಕೆ ಹತ್ತಿದರೆ ಪದವು. ಮುರಕಲ್ಲಿನ ಬರಿ ಬಯಲೆಂದು ಅದನ್ನು ಅಗೆದು ಸಾಗಿಸುತ್ತಾರೆ, ಕಸವನ್ನು ಸುರಿಯುತ್ತಾರೆ. ಮಳೆ ಸ್ವಲ್ಪ ಇಳಿದ ಬಳಿಕ ಅದೇ ಬಯಲಿನಲ್ಲಿ ನೀರು ನಿಂತಲ್ಲೆಲ್ಲ ಬೆರಳಿಗಿಂತ ಚಿಕ್ಕದಾದ ನೀಲಿ ಹೂಗಳು ಹಾಸಿಕೊಂಡಿರುತ್ತವೆ. ಕಲ್ಲಿನ ಮೇಲಿನ ತೆಳ್ಳಗಿನ ಮಣ್ಣಿನಲ್ಲಿ ಸಾರವಿಲ್ಲದುದರಿಂದ ಆ ಗಿಡವು ನೀರಿನೊಳಗಿನ ಸಣ್ಣ ಚೀಲಗಳಲ್ಲಿ ಕ್ರಿಮಿಗಳನ್ನು ಹಿಡಿದು ಜೀವಿಸುತ್ತದೆ. ನಮ್ಮ ಕರ್ತನೂ ಹೊಲದ ಹೂವನ್ನು ತೋರಿಸಿಯೇ ಜನರಿಗೆ ಉಪದೇಶಿಸಿದನು. ಆ ಜನರು ಹೊಲದ ಬಳಿಯಲ್ಲಿ ಕುಳಿತಿದ್ದರೆಂಬುದನ್ನು ನಾವು ಮರೆಯುತ್ತೇವೆ.

ಹಂಚಿನ ವಿಷಯವನ್ನೂ ಹೇಳಬೇಕು. ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬ ಮಿಶನರಿಯು 1865 ರಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದನು. ಮಲ್ಪೆಯಲ್ಲಿಯೂ ಮಿಶನಿನ ಕಾರ್ಖಾನೆಯೊಂದು ಇತ್ತು. ಮೊದಲನೆಯ ಮಹಾಯುದ್ಧದ ನಂತರ ಅವೆಲ್ಲ ಮಿಶನಿನ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟಿನ ವಶವಾದವು. ಹಳೆಯ ಮನೆಗಳ ಹಂಚನ್ನು ತಿರುಗಿಸಿ ನೋಡಿದರೆ ಹೆಸರೂ 1865 ಎಂಬ ಇಸವಿಯೂ ಅಚ್ಚಾಗಿರುತ್ತವೆ. ಆ ಇಸವಿಯು ಕಾರ್ಖಾನೆ ಹುಟ್ಟಿದ್ದು, ಹಂಚು ಸುಟ್ಟದ್ದಲ್ಲ. ತಮ್ಮ ಮನೆಯು 1865 ರದ್ದೆಂದು ಹೆಮ್ಮೆಪಡುವ ಬಂಧುಗಳು ಕ್ಷಮಿಸಬೇಕು. ಹೊಳೆಯ ದಡದ ಜೇಡಿಮಣ್ಣನ್ನು ಮುಟ್ಟಿ, ನೀರಿನ ಮೇಲೆ ಮಣ್ಣೂ ಸೌದೆಯೂ ಬರುತ್ತಿದ್ದ ದಾರಿಯನ್ನು ನೋಡಿದ ಮೇಲೆ ತಲೆಯ ಮೇಲಿನ ಮಾಡು ಮಕ್ಕಳಿಗೆ ಬೇರೊಂದು ವಸ್ತುವಾಗಿ ಕಾಣುತ್ತದೆ.

ಹೆಣ್ಣು ಹೊರಗೆ ತಿರುಗುವುದು ನಮ್ಮ ಸಂಪ್ರದಾಯವಲ್ಲವೆಂದು ಕೆಲವರು ಹೇಳುತ್ತಾರೆ. ಅವರು ಸಂಪ್ರದಾಯವನ್ನು ಎಲ್ಲಿಂದ ಎಣಿಸುತ್ತಾರೋ ತಿಳಿಯದು. 1623 ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲ ವಾಲೆಯೆಂಬ ಪ್ರವಾಸಿಯು ಉಳ್ಳಾಲದ ರಾಣಿಯನ್ನು ನೋಡಬೇಕೆಂದು ಮಣೇಲಿಗೆ ಹೋದಾಗ ಅವಳು ಸಿಂಹಾಸನದ ಮೇಲಿರಲಿಲ್ಲ. ಅಗೆಸುತ್ತಿದ್ದ ಕಾಲುವೆಗಳನ್ನು ನೋಡುವುದಕ್ಕಾಗಿ ಬರಿಗಾಲಿನಲ್ಲಿ ನಡೆದು ಹೋಗಿದ್ದವಳು ಪೇಟೆಯ ಬೀದಿಯಲ್ಲಿ ಅವನಿಗೆ ಎದುರಾದಳು. ಆತನು ಇದನ್ನು ವಿಸ್ಮಯದಿಂದ ಬರೆದಿಟ್ಟಿದ್ದಾನೆ. ಶಾಲೆಯ ಉತ್ಸವಗಳಲ್ಲಿ ನಾವು ಉಳ್ಳಾಲದ ರಾಣಿಯನ್ನು ಖಡ್ಗ ಹಿಡಿಸಿಯೇ ನಿಲ್ಲಿಸುತ್ತೇವೆ. ನನಗಾದರೋ ಕಾಲುವೆಯನ್ನು ನೋಡಲು ನಡೆದ ಆ ಬರಿಗಾಲಿನ ರಾಣಿಯೇ ಹೆಚ್ಚು ಪ್ರಿಯಳು.

ಇನ್ನೊಬ್ಬರು ಪಂಡಿತಾ ರಮಾಬಾಯಿ. ಅವರ ತಂದೆ ಅನಂತ ಶಾಸ್ತ್ರಿಗಳು ಕಾರ್ಕಳದ ಬಳಿಯ ಮಾಳದವರು. ಹೆಂಡತಿಗೆ ಸಂಸ್ಕೃತವನ್ನು ಕಲಿಸಿದ ಕಾರಣ ಜನರ ವಿರೋಧವನ್ನು ಕಟ್ಟಿಕೊಂಡು ಘಟ್ಟದ ಗಂಗಾಮೂಲದ ಕಾಡಿನಲ್ಲಿ ನೆಲಸಿದರು. ಅಲ್ಲಿ 1858 ರಲ್ಲಿ ಹುಟ್ಟಿದ ಮಗುವನ್ನು ಆರು ತಿಂಗಳಾಗುವಷ್ಟರಲ್ಲಿಯೇ ಬೆತ್ತದ ಪೆಟ್ಟಿಗೆಯಲ್ಲಿಟ್ಟು ಬೆಟ್ಟದಿಂದ ಕೆಳಗಿಳಿಸಿದರು. ಅಂದಿನಿಂದ ಆ ಕುಟುಂಬವು ಕ್ಷೇತ್ರದಿಂದ ಕ್ಷೇತ್ರಕ್ಕೆ ವರ್ಷಗಟ್ಟಲೆ ನಡೆಯಿತು. ಅದು ವಿಹಾರವಾಗಿರಲಿಲ್ಲ, ಹಸಿವಿನ ನಡಿಗೆಯಾಗಿತ್ತು, ಬರಗಾಲದಲ್ಲಿ ತಂದೆಯೂ ತಾಯಿಯೂ ತೀರಿಹೋದರು. ಅಂಥ ಕಷ್ಟವು ಯಾವ ಮಗುವಿಗೂ ಬಾರದಿರಲಿ. ಆದರೆ ಬಾಲವಿಧವೆಯರಿಗಾಗಿ ಮುಂದೆ ಅವರು ಕಟ್ಟಿದ ಆಶ್ರಯವನ್ನು ನೋಡಿದರೆ, ಹೆಣ್ಣಿನ ದುಃಖವು ದೇಶದಲ್ಲಿ ಎಲ್ಲೆಲ್ಲಿ ಹೇಗೆ ಹೇಗೆ ಇದೆಯೆಂಬುದನ್ನು ಅವರು ಯಾವ ಪುಸ್ತಕದಿಂದಲೂ ಕಲಿತವರಲ್ಲವೆಂಬುದು ಸ್ಪಷ್ಟವಾಗುತ್ತದೆ.

ಈಗ ಪೂರ್ವವಿದ್ಯಾರ್ಥಿನಿಯರಿಗೆ ಒಂದು ಮಾತು. ಸಹೋದರಿಯರೇ, ನಿಮ್ಮಲ್ಲಿ ಅನೇಕರು ದುಬೈ, ಮಸ್ಕತ್ತುಗಳನ್ನು ಕಂಡಿದ್ದೀರಿ. ಊರಿಗೆ ಬಂದಾಗ ಮದುವೆ, ಮರಣ, ನಾಮಕರಣ, ಆಸ್ಪತ್ರೆ, ಮಾಲು ಎಂಬಿವುಗಳ ನಡುವೆ ರಜೆಯು ತೀರಿಹೋಗುತ್ತದೆ. ಊರಿನಲ್ಲಿಯೇ ಉಳಿದವರ ಸ್ಥಿತಿಯು ಇನ್ನೊಂದು ಬಗೆ. ಬೀಡಿ ಕಟ್ಟುತ್ತ ಮಗಳನ್ನು ನಮ್ಮಲ್ಲಿ ಓದಿಸಿದ ತಾಯಿಯೊಬ್ಬರು, ತಾವು ಹುಟ್ಟಿದಂದಿನಿಂದ ದೂರದಲ್ಲಿ ಕಾಣುತ್ತಿದ್ದ ಆ ದ್ವೀಪದ ಮೇಲೆ ಐವತ್ತರ ಪ್ರಾಯದ ವರೆಗೆ ಕಾಲಿಟ್ಟಿರಲಿಲ್ಲವೆಂದು ನಗುತ್ತಲೇ ಹೇಳಿದರು. ಯಾಕೆಂದು ಕೇಳಿದೆನು. ಏನು ಕಾರಣ ಹೇಳಿ ಹೋಗುವುದು ಟೀಚರ್ ಎಂದರು. ನಮ್ಮ ಹೆಂಗಸರು ಹೊಸ್ತಿಲು ದಾಟುವುದಕ್ಕೆ ಕಾರಣವು ಬೇಕು: ಹರಕೆಯೋ, ಬಂಧುವಿನ ಕಾಯಿಲೆಯೋ, ವಸ್ತ್ರದ ಅಂಗಡಿಯೋ. ನೋಡಬೇಕೆನಿಸಿತು ಎಂಬುದು ಕಾರಣಗಳ ಪಟ್ಟಿಯಲ್ಲಿಲ್ಲ. ಕರ್ನಾಟಕ ಸರ್ಕಾರವು 2023 ರ ಜೂನ್ 11 ರಂದು ಶಕ್ತಿ ಯೋಜನೆಯನ್ನು ಆರಂಭಿಸಿ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೇಟಿಲ್ಲದಂತೆ ಮಾಡಿದಾಗ ಘಟ್ಟದ ಮೇಲಿನಿಂದ ಧರ್ಮಸ್ಥಳದ ಕಡೆಗೆ ಹೆಂಗಸರು ಗುಂಪುಗುಂಪಾಗಿ ಬಂದರು. ಪುಕ್ಕಟೆ ಸಿಕ್ಕಿತೆಂದು ತಿರುಗುತ್ತಾರೆಂದು ಹಾಸ್ಯ ಮಾಡಿದವರೇ ಹೆಚ್ಚು. ಅಷ್ಟು ಮಂದಿ ಅಷ್ಟು ವರ್ಷ ಮನೆಯೊಳಗೆ ಕಾದಿದ್ದರೆಂಬುದು ಹಾಸ್ಯಗಾರರಿಗೆ ಹೊಳೆಯಲಿಲ್ಲ. ನಮ್ಮ ಕರಾವಳಿಯಲ್ಲಿ ಖಾಸಗಿ ಬಸ್ಸುಗಳೇ ಹೆಚ್ಚಾದುದರಿಂದ ಆ ಪ್ರಯೋಜನವು ನಮಗೆ ಪೂರ್ಣವಾಗಿ ದೊರೆಯದು. ಆದರೂ ಮಂಗಳೂರಿನಿಂದ ಕೊಂಕಣ ರೈಲಿನ ಹಳಿಯು ನಮ್ಮ ಎಲ್ಲ ಹೊಳೆಗಳನ್ನು ದಾಟಿಕೊಂಡು ಉತ್ತರಕ್ಕೆ ಹೋಗುತ್ತದೆ, ಸಾಮಾನ್ಯ ಗಾಡಿಯ ಟಿಕೇಟು ಒಂದು ಮೊಳ ಮಲ್ಲಿಗೆಗಿಂತ ಹೆಚ್ಚೇನೂ ಆಗುವುದಿಲ್ಲ. ನಾಲ್ವರು ಹಳೆಯ ಸಹಪಾಠಿಗಳು ಬೆಳಗ್ಗೆ ಕೂಡಿ ಹೊರಟು ಒಂದು ಹೊಳೆಯ ಬಾಯಿಯನ್ನು ನೋಡಿ ಸಂಜೆಗೆ ಮರಳಿದರೆ ಯಾವ ಮನೆಯೂ ಮುಳುಗುವುದಿಲ್ಲ. ಅನ್ನ ಬೇಯಿಸಿಡಲು ಮನೆಯವರಿಗೂ ಒಂದು ದಿನ ಬರಬಹುದು.

ಇದರಿಂದ ನಮ್ಮ ಶಾಲೆಗೂ ಲಾಭವುಂಟು. ತಾಯಿಯು ತಾನು ನೋಡಿದ ಸ್ಥಳಕ್ಕೆ ಮಗಳನ್ನು ಕಳುಹಿಸಲು ಅಂಜುವುದಿಲ್ಲ. ಮೀನುಗಾರರ ಮನೆಯ ತಾಯಂದಿರು ಇದಕ್ಕೆ ಸಾಕ್ಷಿ: ಅವರ ಚೀಟಿಗಳು ಯಾವಾಗಲೂ ಮೊದಲು ಬರುತ್ತವೆ. ಕಳೆದ ಸಲ ಅಂಥ ಒಬ್ಬ ಅಜ್ಜಿಯು ನಮ್ಮೊಡನೆ ಬಂದು, ಮೋಡದ ಬಣ್ಣ, ಗಾಳಿಯ ದಿಕ್ಕು, ನೊರೆಯ ಗೆರೆ ಇವುಗಳನ್ನು ತೋರಿಸಿ ತುಳುವಿನಲ್ಲಿ ಹೇಳಿದ್ದನ್ನು ಬರೆದುಕೊಳ್ಳುವುದಕ್ಕೆ ನಮ್ಮ ವಿಜ್ಞಾನದ ಉಪಾಧ್ಯಾಯಿನಿಯ ಪುಸ್ತಕದಲ್ಲಿ ಹಾಳೆ ಸಾಲಲಿಲ್ಲ. ಜೂನ್ 1 ರಿಂದ ಜುಲೈ 31 ರ ವರೆಗೆ ಯಂತ್ರದ ದೋಣಿಗಳು ಕಡಲಿಗೆ ಇಳಿಯಬಾರದೆಂಬ ಸರ್ಕಾರದ ನಿಯಮವು ಮೀನಿನ ಸಂತತಿಗಾಗಿ ಎಂದು ಪುಸ್ತಕವು ಹೇಳುತ್ತದೆ. ಆ ಎರಡು ತಿಂಗಳು ಮನೆಯ ಒಲೆಯು ಹೇಗೆ ಉರಿಯುತ್ತದೆಂದು ಆ ಅಜ್ಜಿಯು ಹೇಳಿದರು.

ಈ ವರ್ಷ ಮಳೆ ಹಿಂದೆಗೆದ ಬಳಿಕ ಮೂರು ಶನಿವಾರಗಳನ್ನು ಇದಕ್ಕಾಗಿ ಇಟ್ಟಿದ್ದೇವೆ. ಎಂಟನೆಯ ತರಗತಿಗೆ ಬೈಲು ಮತ್ತು ಪದವು, ಒಂಬತ್ತನೆಯದಕ್ಕೆ ಕಾಪು, ಹತ್ತನೆಯದಕ್ಕೆ ದ್ವೀಪ. ಹತ್ತನೆಯವರಿಗೆ ಪರೀಕ್ಷೆಯಿದೆಯೆಂಬುದು ನಮಗೂ ಗೊತ್ತು. ಯಾವ ಬಾಲಿಕೆಯೂ ನೀರಿಗೆ ಇಳಿಯುವುದಿಲ್ಲ. ದೋಣಿಯಲ್ಲಿ ಪ್ರತಿಯೊಬ್ಬಳೂ ಜೀವರಕ್ಷಕ ಕವಚವನ್ನು ಧರಿಸುವಳು, ಕವಚವು ಸಾಲದಿದ್ದರೆ ದೋಣಿಯನ್ನು ಹತ್ತುವುದಿಲ್ಲ. ಹತ್ತು ಮಕ್ಕಳಿಗೆ ಒಬ್ಬ ಉಪಾಧ್ಯಾಯಿನಿಯೂ ಒಬ್ಬ ತಾಯಿಯೂ ಇರಬೇಕೆಂದು ನಿಶ್ಚಯಿಸಿದ್ದೇವೆ. ಬರಲು ಮನಸ್ಸುಳ್ಳ ತಾಯಂದಿರು ಕಚೇರಿಯಲ್ಲಿ ಹೆಸರನ್ನು ಕೊಡತಕ್ಕದ್ದು. ಖರ್ಚಿನ ಕಾರಣದಿಂದ ಯಾರೂ ಹಿಂದುಳಿಯಬಾರದು. ಆ ಮಾತನ್ನು ನನ್ನೊಡನೆ ಮಾತ್ರ ಆಡಿದರೆ ಸಾಕು. ಈ ವರೆಗೆ ಚೀಟಿಯಲ್ಲಿ ತಂದೆ ಅಥವಾ ಪೋಷಕರ ರುಜುವಿಗೆ ಒಂದು ಗೆರೆ ಇತ್ತು. ಈ ಸಲ ಅದರ ಮೇಲೆ ತಾಯಿಯ ರುಜುವಿಗೂ ಒಂದು ಗೆರೆಯನ್ನು ಹಾಕಿಸಿದ್ದೇವೆ. ಮಕ್ಕಳು ಗಟ್ಟಿಯಾದ ಚಪ್ಪಲಿಯನ್ನೂ ಕೊಡೆಯನ್ನೂ ಸ್ಟೀಲಿನ ಬಾಟ್ಲಿಯಲ್ಲಿ ನೀರನ್ನೂ ತರಬೇಕು. ಬುತ್ತಿಗೆ ಒಗ್ಗರಣೆ ಅವಲಕ್ಕಿಯಾಗಲಿ ಚಪಾತಿಯಾಗಲಿ ಸಾಕು. ಮೀನಿನ ಪದಾರ್ಥವನ್ನು ಕಟ್ಟಬೇಡಿ, ಮಧ್ಯಾಹ್ನದೊಳಗೆ ಕೆಡುತ್ತದೆ.